ಹಾಲು ಕೊಡ್ತದೇನ್ರೀ ಮಾಸ್ತರ್?

ಗಾಯಗೊಂಡ ನಾಯಿಮರಿಯನ್ನು ಎತ್ತಿ ಮನೆಗೆ ತಂದವನಿಗೆ ನಮ್ಮ ಕಡೆ ಎರಡು ಥರದ ಜನ ಸಿಗುತ್ತಾರೆ. ಒಬ್ಬರು, "ಬಿಡ್ರಿ ಮಾಸ್ತರ್, ಸಾಯೋದು ಸಾಯಲಿ. ಕುಂಟ ನಾಯಿ ಹಾಲು ಕೊಡ್ತದೇನ್ರೀ?" ಅನ್ನುವವರು. ಇನ್ನೊಬ್ಬರು, "ಅಯ್ಯೋ ಪಾಪ" ಅಂತ ಎರಡು ಬಿಸ್ಕತ್ತು ಎಸೆದು, ಒಂದು ಫೋಟೋ ಹೊಡೆದುಕೊಂಡು ಹೋಗುವವರು. ಮೊದಲಿನವರು ಕಟುಕರು, ಎರಡನೆಯವರು ದಯಾಳುಗಳು ಅಂತ ನಾವು ಅಂದುಕೊಳ್ಳುತ್ತೇವೆ. ನನಗೇನೋ ಇಬ್ಬರೂ ಒಂದೇ ಅನಿಸುತ್ತಾರೆ. ನಾಳೆ ಬೆಳಗ್ಗೆ ಆ ಮರಿಯ ಗತಿ ಏನು ಅನ್ನೋ ಪ್ರಶ್ನೆ ಇಬ್ಬರಿಗೂ ಬೇಡ!

ಜಹೀರಾಬಾದಿನ ಹೈವೇ, ತಾಂಡೂರಿನ ಕಲ್ಲು ಲಾರಿಗಳ ರಸ್ತೆ, ನಾರಾಯಣಖೇಡದ ಬಸ್ ಸ್ಟ್ಯಾಂಡು... ಎಲ್ಲಿ ನೋಡಿದರೂ ಕಾಲು ಎಳೆಯುವ ಮರಿಗಳು. ಅಂಥದ್ದೇ ಒಂದು ನಮ್ಮ ಮನೆಯಲ್ಲಿದೆ. ಕರಿಯ ಅಂತ ಹೆಸರು. ನಮ್ಮ ಕೈಗೆ ಸಿಗುವ ಹೊತ್ತಿಗೆ ಅದರ ಹಿಂಗಾಲಿನ ಮುರಿದ ಎಲುಬು ಸೊಟ್ಟಗೇ ಕೂಡಿಕೊಂಡುಬಿಟ್ಟಿತ್ತು. ಮೈತುಂಬ ಕಜ್ಜಿ, ಕಿವಿಯೊಳಗೆ ಉಣ್ಣಿ. ತೋರಿಸಲು ಹೋದ ಮೊದಲ ಜಾಗದಲ್ಲಿ, "ಎಮ್ಮಿ ಇದ್ರ ತರ್ರಿ, ನಾಯಿ ಯಾಕ ತಂದೀರಿ?" ಅಂತ ಕೇಳಿದರು. ಅವರೊಬ್ಬರದೇ ತಪ್ಪು ಅನ್ನಲಾರೆ. ನಮ್ಮ ಜನ ಅದಕ್ಕೆ ಇಟ್ಟ ಹೆಸರೇ 'ದನದ ದವಾಖಾನಿ'. ಹಾಲು, ಗೊಬ್ಬರ, ಮಾಂಸ ಕೊಡದ ಜೀವಕ್ಕೆ ಅಲ್ಲಿ ಖಾತೆಯೇ ಇಲ್ಲ ಅಂತ ಹೋದವರೂ ನಂಬಿದ್ದಾರೆ, ಅಲ್ಲಿದ್ದವರೂ ನಂಬಿದ್ದಾರೆ.

ಆದರೆ ಜಹೀರಾಬಾದಿನಿಂದ ಸುಮಾರು ಮೂವತ್ತು ಕಿಲೋಮೀಟರ್ ಹೋದರೆ ಬೀದರ್. ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೇ ಅಲ್ಲಿದೆ, ಕಾಲೇಜಿದೆ, ಅದರ ಆಸ್ಪತ್ರೆ ಇದೆ. ಮದುವೆ ಬಟ್ಟೆಗೆ ಬೀದರಿಗೆ ಹೋಗುತ್ತೇವೆ, ಮರಿಯನ್ನು ಒಂದು ಬುಟ್ಟಿಯಲ್ಲಿಟ್ಟುಕೊಂಡು ಹೋಗಲು ಏನು ರೋಗ? ರಾಜ್ಯದ ಗಡಿ ಇರೋದು ನಮಗೆ, ನಾಯಿಮರಿಗಲ್ಲ.

ಈಗ ದಯಾಳುಗಳಿಗೆ ಒಂದಿಷ್ಟು ಕಹಿ ಮಾತು. ಗಾಯದ ಮರಿ ಸಾಕೋದು ಕಣ್ಣೀರಿನ ಕೆಲಸ ಅಲ್ಲ ಸ್ವಾಮಿ, ಕ್ಯಾಲೆಂಡರಿನ ಕೆಲಸ. ಆರೆಂಟು ವಾರಕ್ಕೆ ಪಾರ್ವೋ, ಡಿಸ್ಟೆಂಪರ್ ರೋಗಗಳ ಮೊದಲ ಲಸಿಕೆ. ಆಮೇಲೆ ಮೂರು-ನಾಲ್ಕು ವಾರಕ್ಕೊಮ್ಮೆ ಮತ್ತೆ, ನಾಲ್ಕು ತಿಂಗಳು ತುಂಬುವ ತನಕ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಸೂಜಿ, ಆಮೇಲೆ ಡಾಕ್ಟರು ಬರೆದುಕೊಟ್ಟ ತಾರೀಖಿಗೆ ತಪ್ಪದೆ. ಎಳೆಯ ಮರಿಗೆ ಹದಿನೈದು ದಿನಕ್ಕೊಮ್ಮೆ ಹೊಟ್ಟೆಹುಳದ ಮದ್ದು. ಇದನ್ನೆಲ್ಲ ಬಿಟ್ಟು ನಾವು ಮಾಡೋದೇನು? ಬಟ್ಟಲು ತುಂಬ ಎಮ್ಮೆ ಹಾಲು ಇಡುತ್ತೇವೆ. ಬಹಳಷ್ಟು ಮರಿಗಳಿಗೆ ಅದು ದಕ್ಕುವುದಿಲ್ಲ, ಭೇದಿ ಹತ್ತುತ್ತದೆ. ಮೊದಲೇ ಸೊರಗಿದ ಮರಿ ಭೇದಿಯಲ್ಲೇ ಹೋಗುತ್ತದೆ. ಆಮೇಲೆ, "ಅದರ ಆಯುಷ್ಯ ಅಷ್ಟೇ ಇತ್ತು" ಅಂತ ದೇವರ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತೇವೆ!

ನೋವಿಗೆ ಅಂತ ಮನೆಯಲ್ಲಿದ್ದ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಳಿಗೆ ಕೊಡುವ ಪುಣ್ಯಾತ್ಮರಿದ್ದಾರೆ. ಮನುಷ್ಯರ ಗುಳಿಗೆ ನಾಯಿಯ ಯಕೃತ್ತು, ಮೂತ್ರಪಿಂಡ, ಹೊಟ್ಟೆಯನ್ನು ಹಾಳುಮಾಡಿ ಕೊಲ್ಲಬಲ್ಲದು. ಹುಳ ಬಿದ್ದ ಗಾಯಕ್ಕೆ ಪೆಟ್ರೋಲು, ಸೀಮೆಎಣ್ಣೆ ಸುರಿಯುವವರೂ ಇದ್ದಾರೆ. ಹುಳ ಸಾಯಬಹುದು, ಜೊತೆಗೆ ಇದ್ದ ಚರ್ಮ, ಮಾಂಸವೂ ಸುಟ್ಟುಹೋಗುತ್ತದೆ. ಉಣ್ಣಿಯನ್ನು 'ಇರೋದೇ ಬಿಡು' ಅಂತ ಬಿಟ್ಟರೆ ಅದರಿಂದ ಬರುವ ಜ್ವರ ರಕ್ತವನ್ನೇ ತಿನ್ನುತ್ತದೆ. ಒಸಡು ಬಿಳಿಚಿತು, ಮೂಗಿನಲ್ಲಿ ರಕ್ತ ಬಂತು ಅಂದರೆ ಆಗಲೇ ತಡವಾಗಿದೆ ಅಂತ ತಿಳಿಯಿರಿ.

ಇನ್ನು ಹಳೆಯ ಮುರಿತ. ಬೆಳೆಯುವ ಮರಿಯ ಎಲುಬಿನ ತುದಿಗೆ ಪೆಟ್ಟು ಬಿದ್ದಿದ್ದರೆ ಆ ಕಾಲು ಉಳಿದವುಗಳ ಜೊತೆ ಬೆಳೆಯುವುದಿಲ್ಲ, ಗಿಡ್ಡವಾಗುತ್ತದೆ ಇಲ್ಲ ತಿರುಚುತ್ತದೆ. ಎಕ್ಸ್‌ರೇ ನೋಡಿ ಡಾಕ್ಟರು ಹೇಳಬೇಕು, ಊರಿನ ಎಲುಬು ಕಟ್ಟುವವರು ಬಿದಿರು ಕಡ್ಡಿ ಬಿಗಿದರೆ ಕಾಲೇ ಕೊಳೆತೀತು. ನಮ್ಮ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ, ಅದನ್ನು ಯಾವ ಪುಸ್ತಕವೂ ಬರೆಯುವುದಿಲ್ಲ: ತಾಂಡೂರು ಕಲ್ಲಿನ ನೆಲ! ಪಾಲಿಶ್ ಮಾಡಿದ ನುಣುಪು ಕಲ್ಲಿನ ಮೇಲೆ ಮೂರು ಕಾಲಿನ ಮರಿ ದಿನಕ್ಕೆ ಹತ್ತು ಸಲ ಜಾರಿ ಬೀಳುತ್ತದೆ, ಕೂಡಿದ ಎಲುಬಿಗೆ ಮತ್ತೆ ಮತ್ತೆ ಪೆಟ್ಟು. ಅದಕ್ಕೆ ಮದ್ದು ಹಳೇ ಗೋಣಿಚೀಲ. ಅದು ಓಡಾಡುವ ಕಡೆ ಹಾಸಿ ಸಾಕು. ಪೈಸೆ ಖರ್ಚಿಲ್ಲ. ಮೈ ಬೊಜ್ಜು ಬೆಳೆಯದ ಹಾಗೆ ಊಟ ಹಾಕಿ, ಕುಂಟುಕಾಲಿಗೆ ಭಾರವೇ ಶತ್ರು. ಹೀಗೆ ನೋಡಿಕೊಂಡೂ ಉಳಿಯದ ಮರಿಗಳಿರುತ್ತವೆ. ಆಗ ವೈದ್ಯರೇ ನೋವಿಲ್ಲದೆ ಅದರ ಕೊನೆ ಮಾಡಿದರೆ ಅದು ಕ್ರೌರ್ಯ ಅಲ್ಲ. ಚರಂಡಿಯಲ್ಲಿ ಮೂರು ದಿನ ನರಳಲು ಬಿಡೋದು ಕ್ರೌರ್ಯ.

ಈಗ ಎದುರಿನವರ ಮಾತಿಗೆ ಬರುತ್ತೇನೆ. "ನಾಯಿ ಮೇಲೆ ಇಷ್ಟು ಕನಿಕರ, ಮಕ್ಕಳ ಮೇಲೆ ಇಲ್ಲವೋ?" ನ್ಯಾಯವಾದ ಪ್ರಶ್ನೆ. 2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಅಂಬರಪೇಟೆಯಲ್ಲಿ ನಾಲ್ಕು ವರ್ಷದ ಕೂಸನ್ನು ಬೀದಿನಾಯಿಗಳು ಕೊಂದವು. ಮಕ್ಕಳಿಗೆ ಪಾಠ ಹೇಳುವ ನನಗೆ ಅದು ಮರೆಯುವ ಸುದ್ದಿಯಲ್ಲ. ಆದರೆ ನಾವು ಕಂಡುಕೊಂಡ ಪರಿಹಾರ ಏನು? 2024ರ ಫೆಬ್ರವರಿಯಲ್ಲಿ ಮಹಬೂಬನಗರ ಜಿಲ್ಲೆಯ ಪೊನ್ನಕಲ್ ಊರಲ್ಲಿ ರಾತ್ರೋರಾತ್ರಿ ಇಪ್ಪತ್ತು ನಾಯಿಗಳನ್ನು ಗುಂಡಿಟ್ಟು ಕೊಂದರು. ಇದರಿಂದ ಯಾವ ಮಗು ಬದುಕಿತು? ಮಗುವನ್ನು ಕಾಯೋದು ಗುಂಡಲ್ಲ, ಸೂಜಿ. ಲಸಿಕೆ ಹಾಕಿಸಿ, ಸಂತಾನಹರಣ ಮಾಡಿಸಿ, ಮನೆಯಲ್ಲಿ ಕಟ್ಟಿ ಸಾಕಿದ ಒಂದು ಕುಂಟ ನಾಯಿ ಅಂದರೆ, ಬೀದಿಯಲ್ಲಿ ವರ್ಷವರ್ಷ ಮರಿ ಹಾಕುವ ಒಂದು ನಾಯಿ ಕಡಿಮೆ ಅಂತ. ನಾಯಿಯ ಮೇಲಿನ ದಯೆ, ಮಗುವಿನ ಮೇಲಿನ ದಯೆ ಬೇರೆ ಬೇರೆ ತಕ್ಕಡಿಯಲ್ಲಿಲ್ಲ.

ಮಕ್ಕಳಿಗೂ ಇದನ್ನೇ ಹೇಳಿ. ಸಣ್ಣ ಮರಿಗೂ ಹುಚ್ಚುನಾಯಿ ರೋಗ ಇರಬಹುದು. ಅದು ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಬೇಕು, ಅದೇ ದಿನ ದವಾಖಾನೆಗೆ ಹೋಗಬೇಕು, ಎಲ್ಲ ಸೂಜಿ ಮುಗಿಸಬೇಕು. ಸುಣ್ಣ, ಖಾರದಪುಡಿ ಹಚ್ಚುವ ವಿದ್ಯೆ ಸಾಕು. ಆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದಿಲ್ಲ.

2022ರಲ್ಲಿ '777 ಚಾರ್ಲಿ' ಬಂದಾಗ ನಮ್ಮವರೂ ಬಿಕ್ಕಿ ಬಿಕ್ಕಿ ಅತ್ತರು. ಗಡಿನಾಡು ಕಾಸರಗೋಡಿನ ಕಿರಣ್‌ರಾಜ್ ಮಾಡಿದ ಸಿನಿಮಾ, ಹಿಂಸೆ ತಪ್ಪಿಸಿಕೊಂಡು ಬಂದ ಕಾಯಿಲೆಯ ನಾಯಿಯ ಕಥೆ. ಆಗ ಮುಖ್ಯಮಂತ್ರಿಯಾಗಿದ್ದ ಬೊಮ್ಮಾಯಿಯವರೂ ಕಣ್ಣೀರು ಹಾಕಿದ್ದರು. ಒಳ್ಳೆಯದೇ. ಆದರೆ ನನ್ನನ್ನು ಕೇಳಿದ ಪ್ರಶ್ನೆ ಯಾವುದು ಗೊತ್ತೇ? "ಆ ಜಾತಿ ನಾಯಿ ಎಷ್ಟಕ್ಕೆ ಸಿಗ್ತದ್ರೀ?" ಸಿನಿಮಾದ ನಾಯಿಗೆ ಕಣ್ಣೀರು, ಓಣಿಯ ನಾಯಿಗೆ ಕಲ್ಲು!

ಇದು ಈಗ ಸುಮ್ಮನೆ ಕೂರುವ ವಿಷಯವಲ್ಲ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಿರುವ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಆಶ್ರಯ ಕೇಂದ್ರಕ್ಕೆ ಒಯ್ಯಬೇಕು, ಹಿಡಿದ ಜಾಗಕ್ಕೆ ತಿರುಗಿ ಬಿಡಬಾರದು ಅಂತ. ಬಿಸಿಯೂಟದ ಅನ್ನ ತಿಂದು ಶಾಲೆಯ ಜಗಲಿಯಲ್ಲಿ ಬೆಳೆಯುವ ಕುಂಟ ಮರಿಗೆ ಇನ್ನು ಅಲ್ಲಿ ಜಾಗವಿಲ್ಲ. ಮಕ್ಕಳ ಸುರಕ್ಷೆ ನೋಡಿದರೆ ಅದು ಸರಿಯೇ. ಹಾಗಾದರೆ ಅದು ಹೋಗುವುದು ಎಲ್ಲಿಗೆ? ದೊಡ್ಡ ಶಹರಗಳಿಗೇ ಸಾಲದ ಆಶ್ರಯ ಕೇಂದ್ರ ನಮ್ಮ ತಾಲೂಕಿಗೆ ಬರುವ ತನಕ ಕಾಯುತ್ತಾ ಕೂತರೆ, ಅದು ಹೋಗುವುದು ಲಾರಿಯ ಗಾಲಿಯ ಕೆಳಗೆ, ಇಲ್ಲ ವಿಷದ ಉಂಡೆಯ ಹತ್ತಿರ. ನಾಯಿಯನ್ನು ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲಿದೆ ಅನ್ನೋದನ್ನೂ ಊರಿನ ದೊಡ್ಡವರು ತಿಳಿದಿರಲಿ.

ಮಹಾಭಾರತ ಶುರುವಾಗುವ ಕಡೆಯೇ ಒಂದು ಏಟು ತಿಂದ ನಾಯಿಮರಿ ಇದೆ. ಜನಮೇಜಯನ ಯಾಗಶಾಲೆಗೆ ಬಂದ ಸರಮೆಯ ಮರಿ ಹವಿಸ್ಸನ್ನು ಮುಟ್ಟಲಿಲ್ಲ, ನೋಡಲೂ ಇಲ್ಲ. ಆದರೂ ರಾಜನ ತಮ್ಮಂದಿರು ಹೊಡೆದರು. ತಾಯಿ ಬಂದು, ನನ್ನ ಮಗ ಮಾಡಿದ ತಪ್ಪೇನು ಅಂತ ಕೇಳಿದಾಗ ಒಬ್ಬರೂ ಬಾಯಿ ಬಿಡಲಿಲ್ಲ. ಕೊಟ್ಟ ಶಾಪ ಬರೀ ಹೊಡೆತಕ್ಕಲ್ಲ, ಆ ಮೌನಕ್ಕೂ ಸೇರಿ ಅಂತ ನನಗನಿಸುತ್ತದೆ. ಖಾನಾಪುರದ ಮೈಲಾರ ಮಲ್ಲಣ್ಣನಿಗೆ ನಡೆದುಕೊಳ್ಳುವವರು ನಾವು. ನಾಯಿಯಾಗಿ ಬೊಗಳಿ ಸೇವೆ ಮಾಡುವ ಭಕ್ತರ ಕಾಲಿಗೆ ಬೀಳುತ್ತೇವೆ, ನಿಜವಾದ ನಾಯಿ ಗುಡಿಯ ಹತ್ತಿರ ಬಂದರೆ ಕೋಲು ಎತ್ತುತ್ತೇವೆ.

ಊರಿನ ಎಲ್ಲ ನಾಯಿ ಸಾಕಿ ಅಂತ ನಾನು ಹೇಳುತ್ತಿಲ್ಲ. ಓಣಿಗೆ ಒಂದು ಮನೆ, ಮನೆಗೆ ಒಂದು ಮರಿ. ಗೋಡೆಯ ಮೇಲೆ ಸೂಜಿಯ ತಾರೀಖು ಬರೆದ ಒಂದು ಚೀಟಿ. ಅಷ್ಟು ಆಗದಿದ್ದರೆ ದಯವಿಟ್ಟು ಎತ್ತಿಕೊಳ್ಳಬೇಡಿ, ಎತ್ತಿಕೊಳ್ಳುವವರಿಗೆ ಬೀದರಿನ ಬಸ್ ಚಾರ್ಜು, ಸೂಜಿಯ ದುಡ್ಡು ಕೊಡಿ. ಅದೂ ಆಗದಿದ್ದರೆ, ಹಾಲು ಕೊಡ್ತದೇನು ಅಂತ ಕೇಳೋದನ್ನಾದರೂ ಬಿಡಿ. ಹಾಗೆ ಲೆಕ್ಕ ಹಾಕುತ್ತಾ ಹೋದರೆ ನಮ್ಮ ಮನೆಯ ಮುದುಕರು, ಕಾಯಿಲೆ ಬಿದ್ದ ಮಕ್ಕಳು ಯಾವ ಖಾತೆಗೆ ಬರುತ್ತಾರೆ? ಒಮ್ಮೆ ಯೋಚನೆ ಮಾಡಿ ನೋಡಿ.