ವಜ್ರ ಬೆರಳಿಗಿರಲಿ, ಚಿನ್ನ ಬೀರುವಿನಲ್ಲಿರಲಿ

“ಉಂಗುರ ಡೈಮಂಡೋ, ಗೋಲ್ಡೋ?”

ಮನೆಯಲ್ಲಿ ಮದುವೆ ಗೊತ್ತಾಯಿತು ಎಂದು ಬಾಯಿ ಬಿಟ್ಟರೆ ಸಾಕು, ಹೂಡಿ, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಮೊದಲು ಎದುರಾಗುವ ಪ್ರಶ್ನೆ ಇದು. ಹುಡುಗನ ಗುಣ ಹೇಗೆ, ಹುಡುಗಿ ಏನು ಓದಿದ್ದಾಳೆ ಅನ್ನೋದೆಲ್ಲ ಆಮೇಲೆ! ‘ಗೋಲ್ಡ್’ ಅಂದರೆ ಕೇಳಿದವರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ‘ಡೈಮಂಡ್’ ಅಂದರೆ ಅರಳುತ್ತದೆ. ಆ ಮುಖಗಳನ್ನು ಅರಳಿಸಲಿಕ್ಕಾಗಿಯೇ ಎಷ್ಟೋ ತಾಯಂದಿರು ಬೀರುವಿನ ಬೀಗ ತೆಗೆದು, ತಮ್ಮ ಅಮ್ಮ ಕೊಟ್ಟ ಎರಡೆಳೆ ಸರ, ಅತ್ತೆ ಕೊಟ್ಟ ಬಳೆ ಹೊರಗೆ ತೆಗೆಯುತ್ತಾರೆ. “ಹೇಗೂ ಹಳೇ ಡಿಸೈನು, ಯಾರು ಹಾಕ್ಕೋತಾರೆ? ಇದನ್ನ ಹಾಕಿ ಒಂದು ಡೈಮಂಡ್ ಸೆಟ್ ತಗೊಂಡುಬಿಡೋಣ” ಅನ್ನುವ ಮಾತು ಬರುವುದು ಆಗಲೇ.

ಅಮ್ಮಂದಿರೇ, ದಯವಿಟ್ಟು ಅಲ್ಲೇ ಒಂದು ನಿಮಿಷ ನಿಲ್ಲಿ. ವಜ್ರ ಬೇಡ ಅಂತ ನಾನು ಹೇಳುತ್ತಿಲ್ಲ. ಹೆಣ್ಣುಮಗಳಿಗೆ ಆಸೆ ಇದ್ದರೆ ಖಂಡಿತ ಕೊಡಿಸಿ. ಆದರೆ ಆಸೆಗೆ ಕೊಳ್ಳುವ ಒಡವೆ ಬೇರೆ, ಆಪತ್ತಿಗೆ ಇಟ್ಟುಕೊಳ್ಳುವ ಒಡವೆ ಬೇರೆ. ಮೊದಲನೆಯದನ್ನು ಕೊಳ್ಳಲು ಎರಡನೆಯದನ್ನು ಕರಗಿಸಬಾರದು. ನಾನು ಹೇಳಬೇಕೆಂದಿರುವುದು ಇಷ್ಟೇ.

ತಾಂಬೂಲದ ಜಾಗಕ್ಕೆ ಉಂಗುರ

ವಜ್ರ ನಮಗೆ ಹೊಸದಲ್ಲ. 18ನೇ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ಗಣಿಗಳು ಸಿಗುವವರೆಗೂ ಜಗತ್ತಿಗೆ ವಜ್ರ ಹೋಗುತ್ತಿದ್ದುದು ಹೆಚ್ಚಾಗಿ ಭಾರತದಿಂದಲೇ. ವಿಜಯನಗರದ ಅರಸರ ವಜ್ರಗಳನ್ನು ಕಂಡು 16ನೇ ಶತಮಾನದ ಪೋರ್ಚುಗೀಸ್ ಪ್ರವಾಸಿಗಳು ಬೆರಗಾಗಿ ಬರೆದಿಟ್ಟಿದ್ದಾರೆ. ನಮ್ಮ ಬಳ್ಳಾರಿಯ ಆಚೆ, ಅನಂತಪುರ ಜಿಲ್ಲೆಯಲ್ಲಿ ವಜ್ರಕರೂರು ಅನ್ನುವ ಊರೇ ಇದೆ. ಅಜ್ಜಿಯಂದಿರ ವಜ್ರದ ಬೆಂಡೋಲೆ, ಮೂಗುಬೊಟ್ಟು ಯಾರಿಗೆ ಗೊತ್ತಿಲ್ಲ ಹೇಳಿ?

ಹೊಸದು ಏನಪ್ಪಾ ಅಂದರೆ ‘ನಿಶ್ಚಿತಾರ್ಥಕ್ಕೆ ವಜ್ರದ ಉಂಗುರವೇ ಆಗಬೇಕು’ ಅನ್ನುವ ಕಟ್ಟಳೆ. ನಮ್ಮಲ್ಲಿ ಮಾತು ಗಟ್ಟಿಯಾಗುತ್ತಿದ್ದುದು ಎಲೆ-ಅಡಿಕೆ, ತೆಂಗಿನಕಾಯಿ ಬದಲಾಯಿಸಿಕೊಂಡಾಗ, ಲಗ್ನಪತ್ರಿಕೆ ಓದಿದಾಗ. ಡಿ ಬೀರ್ಸ್ ಎಂಬ ವಜ್ರದ ಕಂಪನಿಗಾಗಿ ಅಮೆರಿಕದ ಜಾಹೀರಾತು ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಫ್ರಾನ್ಸಿಸ್ ಗೆರೆಟಿ ಎಂಬಾಕೆ, ವಜ್ರ ಎಂದೆಂದಿಗೂ ಉಳಿಯುವಂಥದ್ದು ಎಂಬ ಅರ್ಥದ ಸಾಲನ್ನು 1947ರಲ್ಲಿ ಬರೆದರು. ಆಮೇಲೆ ಪ್ರೀತಿಗೂ ವಜ್ರಕ್ಕೂ ಗಂಟು ಬಿತ್ತು. ಜಾಹೀರಾತು ಚೆನ್ನಾಗಿತ್ತು, ಒಪ್ಪೋಣ. ಆದರೆ ಜಾಹೀರಾತು ಶಾಸ್ತ್ರ ಅಲ್ಲವಲ್ಲ! ವಜ್ರದುಂಗುರ ಹಾಕದಿದ್ದರೆ ನಿಶ್ಚಿತಾರ್ಥಕ್ಕೆ ಯಾವ ಕೊರತೆಯೂ ಬರುವುದಿಲ್ಲ.

ಒಂದು ಉಂಗುರದ ಲೆಕ್ಕ

ಈಗ ಸ್ವಲ್ಪ ಲೆಕ್ಕ ಹಾಕೋಣ. ಮನೆ ಲೆಕ್ಕ ಬರೆಯುವ ನಮಗೆ ಇದು ಕಷ್ಟವೇನಲ್ಲ.

ಅಂಗಡಿಯಲ್ಲಿ ಎರಡು ಬಗೆಯ ‘ಕ್ಯಾರೆಟ್’ ಕಿವಿಗೆ ಬೀಳುತ್ತದೆ, ಗಲಿಬಿಲಿ ಶುರುವಾಗುವುದೇ ಅಲ್ಲಿ. ಚಿನ್ನದ ಕ್ಯಾರೆಟ್ ಅಂದರೆ ಶುದ್ಧತೆ. ವಜ್ರದ ಕ್ಯಾರೆಟ್ ಅಂದರೆ ತೂಕ. ಒಂದು ಕ್ಯಾರೆಟ್ ವಜ್ರ ಅಂದರೆ 200 ಮಿಲಿಗ್ರಾಂ. ಅದನ್ನು 100 ಭಾಗ ಮಾಡಿದರೆ ಒಂದು ಭಾಗ ಒಂದು ಸೆಂಟ್. (ಮಂಗಳೂರು ಕಡೆಯವರೇ, ಇದು ಜಾಗದ ಸೆಂಟ್ ಅಲ್ಲ!)

ವಜ್ರ ಕೂರಿಸಲು 22 ಕ್ಯಾರೆಟ್ ಚಿನ್ನ ಮೆದುವಾಗುತ್ತದೆ ಅಂತ ಸಾಮಾನ್ಯವಾಗಿ 18 ಅಥವಾ 14 ಕ್ಯಾರೆಟ್ ಬಳಸುತ್ತಾರೆ. 18 ಕ್ಯಾರೆಟ್ ಅಂದರೆ ನೂರಕ್ಕೆ 75 ಭಾಗ ಚಿನ್ನ. 14 ಕ್ಯಾರೆಟ್ ಅಂದರೆ 58.5 ಭಾಗ ಮಾತ್ರ. ನಿಮ್ಮ ಹಳೇ ಬಳೆಯ 22 ಕ್ಯಾರೆಟ್‌ನಲ್ಲಿ 91.6 ಭಾಗ.

ಒಟ್ಟು 4 ಗ್ರಾಂ ತೂಗುವ, ಅರ್ಧ ಕ್ಯಾರೆಟ್ ಕಲ್ಲಿರುವ 18 ಕ್ಯಾರೆಟ್ ಉಂಗುರ ತೆಗೆದುಕೊಂಡಿರಿ ಅನ್ನಿ. ಕಲ್ಲಿನ ತೂಕ 0.1 ಗ್ರಾಂ ಕಳೆಯಿರಿ. ಉಳಿದ 3.9 ಗ್ರಾಂನಲ್ಲಿ ಅಪ್ಪಟ ಚಿನ್ನ 3 ಗ್ರಾಂ ಕೂಡ ಇಲ್ಲ.

ಈಗ ಬೀರುವಿನಿಂದ ತೆಗೆದ ಒಡವೆಗೆ ಬನ್ನಿ. 22 ಕ್ಯಾರೆಟ್‌ನ 20 ಗ್ರಾಂ ಹಾಕಿದಿರಿ. ಅದರಲ್ಲಿ ಅಪ್ಪಟ ಚಿನ್ನ ಸುಮಾರು 18 ಗ್ರಾಂ. ಅಷ್ಟೇ ಬೆಲೆಯ ವಜ್ರದ ಸೆಟ್ಟಿನಲ್ಲಿ ಕಲ್ಲು, ಮಜೂರಿ, ತೆರಿಗೆ ಸೇರಿ ಬಿಲ್ಲಿನ ಅರ್ಧ ಆಯಿತು ಅಂದುಕೊಳ್ಳಿ. ಮನೆಗೆ ವಾಪಸ್ ಬಂದದ್ದು 9 ಗ್ರಾಂ! ಉಳಿದ 9 ಗ್ರಾಂ ಎಲ್ಲಿ ಹೋಯಿತು? ಹೊಳಪಿಗೆ ಹೋಯಿತು. ಹೊಳಪು ಬೇಕಿದ್ದರೆ ತಪ್ಪಿಲ್ಲ, ಆದರೆ ಲೆಕ್ಕ ಗೊತ್ತಿದ್ದು ಕೊಡಬೇಕು.

ಅಡವು ಇಡುವಾಗ ಕಲ್ಲು ಲೆಕ್ಕಕ್ಕಿಲ್ಲ

“ವಜ್ರವೂ ಆಸ್ತಿ ತಾನೇ?” ಅಂತ ಕೇಳುತ್ತೀರಿ. ಹೌದು, ಆದರೆ ಕಷ್ಟ ಬಂದ ದಿನ ಅದನ್ನು ಹಿಡಿದುಕೊಂಡು ಬ್ಯಾಂಕಿಗೆ ಹೋಗಿ ನೋಡಿ. ಚಿನ್ನದ ಸಾಲ ಕೊಡುವಾಗ ಒಡವೆಯಲ್ಲಿರುವ ಚಿನ್ನಕ್ಕೆ ಮಾತ್ರ ಬೆಲೆ ಕಟ್ಟಬೇಕು, ಕಲ್ಲಿನ ಬೆಲೆ ಸೇರಿಸಬಾರದು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ನೀವು ಲಕ್ಷಗಟ್ಟಲೆ ಕೊಟ್ಟ ಕಲ್ಲು ಅಲ್ಲಿ ಸೊನ್ನೆ!

ಮಾರಲು ಹೋದರೆ? ಚಿನ್ನದ ದರ ಪ್ರತಿದಿನ ಪೇಪರಿನಲ್ಲಿ ಬರುತ್ತದೆ, ಯಾವ ಅಂಗಡಿಗೆ ಹೋದರೂ ಆಸುಪಾಸು ಅದೇ ಬೆಲೆ. ವಜ್ರಕ್ಕೆ ಅಂಥ ದಿನದ ದರ ಇಲ್ಲ. ಒಂದು ಕಲ್ಲಿನ ಹಾಗೆ ಇನ್ನೊಂದಿರುವುದಿಲ್ಲ. ಕೊಂಡ ಅಂಗಡಿಯವರೇ ಬಿಲ್ಲು ನೋಡಿ ತೆಗೆದುಕೊಂಡರೆ ಉಂಟು, ಬೇರೆಯವರು ಹೇಳಿದ್ದೇ ಬೆಲೆ.

ಇನ್ನೊಂದು ವಿಷಯ ಗಮನಿಸಿ. 2025ರ ಏಪ್ರಿಲ್‌ನಲ್ಲಿ 24 ಕ್ಯಾರೆಟ್ ಚಿನ್ನ 10 ಗ್ರಾಂಗೆ ಒಂದು ಲಕ್ಷ ರೂಪಾಯಿ ಮುಟ್ಟಿತು. ಆದರೆ 2022ರಿಂದ 2025ರವರೆಗಿನ ಅವಧಿಯಲ್ಲಿ ವಜ್ರದ ಬೆಲೆ ಇಳಿಮುಖವಾಗಿತ್ತು. ‘ವಜ್ರವೂ ಚಿನ್ನದ ಹಾಗೆ ಏರುತ್ತಲೇ ಇರುತ್ತೆ’ ಅನ್ನುವ ಮಾತನ್ನು ನಂಬಬೇಡಿ.

ನಮ್ಮ ಹೂಡಿಯಂಥ ಕಡೆ ಈ ಮಾತಿಗೆ ಹೆಚ್ಚು ಅರ್ಥ ಇದೆ. ಒಂದು ತಲೆಮಾರಿನ ಹಿಂದೆ ಕೆರೆ, ಹೊಲ, ತೋಟ ಅಂತ ಇದ್ದ ಊರು ಇದು. ಐಟಿಪಿಎಲ್ ಬಂದ ಮೇಲೆ ಸುತ್ತಲೂ ಬಹುಮಹಡಿ ಕಟ್ಟಡಗಳು ಎದ್ದವು. ಊರಿನ ಹಳೇ ಮನೆಗಳಲ್ಲಿ ಎಷ್ಟೋ ಜನರಿಗೆ ಜಮೀನು ಹೋಗಿದೆ, ಉಳಿದಿರುವುದು ಹೆಂಗಸರ ಕೊರಳಲ್ಲಿರುವ ಚಿನ್ನ. ಹೊಸದಾಗಿ ಬಂದ ಸಂಸಾರಗಳು ತಿಂಗಳ ಸಂಬಳ ನಂಬಿಕೊಂಡು ಫ್ಲಾಟಿನ ಕಂತು ಕಟ್ಟುತ್ತಿವೆ. ಕಂಪನಿಯಲ್ಲಿ ‘ನಾಳೆಯಿಂದ ಬರಬೇಡಿ’ ಎಂದರೆ ಮಕ್ಕಳ ಸ್ಕೂಲ್ ಫೀಸು ಕಟ್ಟಿಸುವುದು ಯಾವುದು ಹೇಳಿ? ಬೆರಳಲ್ಲಿ ಮಿನುಗುವ ಕಲ್ಲಲ್ಲ, ಬೀರುವಿನ ಬಳೆ.

ಲ್ಯಾಬ್ ವಜ್ರ ಸುಳ್ಳು ವಜ್ರವೇ?

ಅಲ್ಲ. ಅಮೆರಿಕನ್ ಡೈಮಂಡ್ ಅಂತ ನಾವು ಹಾಕಿಕೊಳ್ಳುವ ಕಲ್ಲು ವಜ್ರವೇ ಅಲ್ಲ. ಆದರೆ ಪ್ರಯೋಗಾಲಯದಲ್ಲಿ ಬೆಳೆಸಿದ್ದು ನಿಜವಾದ ವಜ್ರವೇ. ಭೂಮಿಯೊಳಗೆ ಕೋಟ್ಯಂತರ ವರ್ಷಗಳ ಹಿಂದೆ ಆಗಿದ್ದು ಇಲ್ಲಿ ಯಂತ್ರದಲ್ಲಿ ಕೆಲವು ವಾರಗಳಲ್ಲಿ ಆಗುತ್ತದೆ. ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು, ವ್ಯಾಪಾರಿಗೂ ತಿಳಿಯದು. ಪರೀಕ್ಷೆಯ ಯಂತ್ರವೇ ಬೇಕು. 2023ರ ಜೂನ್‌ನಲ್ಲಿ ಪ್ರಧಾನಿ ಮೋದಿ ಅಮೆರಿಕಕ್ಕೆ ಹೋದಾಗ ಜಿಲ್ ಬೈಡನ್ ಅವರಿಗೆ ಉಡುಗೊರೆ ಕೊಟ್ಟಿದ್ದೂ 7.5 ಕ್ಯಾರೆಟ್‌ನ ಇಂಥದ್ದೇ ಹಸಿರು ವಜ್ರ.

ಬೆಲೆ? ಗಣಿ ವಜ್ರಕ್ಕಿಂತ ಎಷ್ಟೋ ಕಡಿಮೆ. ಆದರೆ ಆ ಬೆಲೆ ಜಾರುತ್ತಲೇ ಬಂದಿದೆ. ಡಿ ಬೀರ್ಸ್ ಕಂಪನಿಯೇ 2018ರಲ್ಲಿ ಲೈಟ್‌ಬಾಕ್ಸ್ ಹೆಸರಿನಲ್ಲಿ ಲ್ಯಾಬ್ ವಜ್ರ ಮಾರಲು ಹೊರಟು, ಬೆಲೆ ಕುಸಿದ ಮೇಲೆ 2025ರಲ್ಲಿ ಆ ವ್ಯಾಪಾರ ಮುಚ್ಚುವುದಾಗಿ ಹೇಳಿತು. ‘ನೋಡಲು ಚೆನ್ನಾಗಿದ್ದರೆ ಸಾಕು, ಮಾರುವ ಮಾತೇ ಇಲ್ಲ’ ಅನ್ನುವವರಿಗೆ ಲ್ಯಾಬ್ ವಜ್ರ ಒಳ್ಳೆಯದೇ. ಒಂದೇ ಶರತ್ತು: ಅದು ಲ್ಯಾಬ್ ವಜ್ರ ಎಂದು ಬಿಲ್ಲಿನಲ್ಲಿ ಬರೆದಿರಬೇಕು, ಗಣಿ ವಜ್ರದ ಬೆಲೆ ಹಾಕಿರಬಾರದು. ಬೀಗರಿಗೂ ಮುಚ್ಚುಮರೆ ಇಲ್ಲದೆ ಹೇಳಿ. ಮುಂದೆ ಯಾರೋ ಪರೀಕ್ಷೆ ಮಾಡಿಸಿ ‘ನಮಗೆ ಮೋಸ ಮಾಡಿದರು’ ಎಂದರೆ ಮಾತು ಕೇಳಬೇಕಾಗುವುದು ನಿಮ್ಮ ಮಗಳೇ.

ಬೀಗರು ಕೇಳಿದರೆ?

ಇದು ನಾಜೂಕಿನ ವಿಷಯ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. “ನಮ್ಮ ದೊಡ್ಡ ಸೊಸೆಗೆ ಅವರ ಮನೆಯವರು ಡೈಮಂಡ್ ನೆಕ್ಲೇಸ್ ಹಾಕಿದ್ದರು, ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ” ಅನ್ನುತ್ತಾರೆ. ಅರ್ಥ ಆಯ್ತಲ್ಲ? ಮಾತು ಸಿಹಿ ಇದ್ದರೂ ಅದು ಬೇಡಿಕೆಯೇ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಕೇಳುವುದು, ತೆಗೆದುಕೊಳ್ಳುವುದು, ಕೊಡುವುದು ಎಲ್ಲವೂ ಅಪರಾಧ. ವಜ್ರ ಆದಮಾತ್ರಕ್ಕೆ ಅದು ‘ಗಿಫ್ಟ್’ ಆಗಿಬಿಡುವುದಿಲ್ಲ. “ನಮ್ಮ ಶಕ್ತಿ ಇಷ್ಟು ಕಣಮ್ಮ, ಉಳಿದದ್ದು ಮಕ್ಕಳು ದುಡಿದು ಮಾಡಿಸಿಕೊಳ್ಳಲಿ” ಎಂದು ನಿಶ್ಚಿತಾರ್ಥದ ಮೊದಲೇ ನಗುನಗುತ್ತಾ ಹೇಳಿಬಿಡಿ. ಈ ಮಾತಿಗೇ ಮುರಿದುಬೀಳುವ ಸಂಬಂಧ ಮುಂದೆ ಯಾವುದಕ್ಕೆ ನಿಂತೀತು?

ಸ್ವಂತ ಖುಷಿಯಿಂದ ಮಗಳಿಗೆ ಕೊಟ್ಟಿದ್ದನ್ನು ಮಾತ್ರ ಪಟ್ಟಿ ಮಾಡಿಡಿ. ಏನು ಕೊಟ್ಟದ್ದು, ಅಂದಾಜು ಬೆಲೆ, ಕೊಟ್ಟವರು ಯಾರು ಎಂದು ಬರೆದು ವಧೂವರರು ಸಹಿ ಹಾಕಬೇಕು ಅಂತ 1985ರ ನಿಯಮವೇ ಇದೆ. ಎಷ್ಟು ಮನೆಯಲ್ಲಿ ಮಾಡುತ್ತಾರೆ ಹೇಳಿ? 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೇರಳದ ಮಹಿಳೆಯೊಬ್ಬರ ಪ್ರಕರಣದಲ್ಲಿ, ಸ್ತ್ರೀಧನ ಗಂಡ-ಹೆಂಡಿರ ಜಂಟಿ ಆಸ್ತಿಯಲ್ಲ, ಕಷ್ಟಕ್ಕೆ ಬಳಸಿಕೊಂಡ ಗಂಡ ಅದನ್ನು ಹಿಂದಿರುಗಿಸಬೇಕು ಎಂದು ಹೇಳಿತು. ಮದುವೆಯಲ್ಲಿ ಹಾಕಿದ್ದ 89 ಪವನು ಚಿನ್ನಕ್ಕಾಗಿ ಆಕೆಗೆ 25 ಲಕ್ಷ ರೂಪಾಯಿ ಕೊಡಿಸಿತು. ಮದುವೆಯಾದದ್ದು 2003ರಲ್ಲಿ! ನ್ಯಾಯ ಸಿಗಲು ಇಷ್ಟು ಕಾಲ ಬೇಕಾಗುವ ಕಡೆ, ಬಿಲ್ಲು ಮತ್ತು ಪಟ್ಟಿ ಒಡವೆಯಷ್ಟೇ ಬೆಲೆಬಾಳುತ್ತವೆ. ವಜ್ರದ ವಿಷಯದಲ್ಲಂತೂ ಸರ್ಟಿಫಿಕೇಟ್ ಕಳೆದರೆ ಕಲ್ಲಿನ ಅರ್ಧ ಬೆಲೆ ಕಳೆದ ಹಾಗೆಯೇ.

ಅಂಗಡಿಗೆ ಹೋಗುವ ಮುನ್ನ

ಹಿಂದೆ ಅನೇಕ ಮನೆಗಳಲ್ಲಿ ವಜ್ರವನ್ನು ತಂದು ಒಂದೆರಡು ದಿನ ಇಟ್ಟುಕೊಂಡು, ‘ಆಗಿಬರುತ್ತಾ’ ನೋಡಿ, ಆಮೇಲೆ ದುಡ್ಡು ಕೊಡುತ್ತಿದ್ದರು. ನಂಬಿಕೆ ಏನೇ ಇರಲಿ, ಅವಸರ ಮಾಡದಿರುವ ಜಾಣತನ ಅದರಲ್ಲಿತ್ತು. ಅದನ್ನು ನಾವೂ ಇಟ್ಟುಕೊಳ್ಳೋಣ.

* ಮೂರು ಅಂಗಡಿಯಾದರೂ ನೋಡಿ. 2023ರ ಅಕ್ಟೋಬರ್‌ನಿಂದ ಹೂಡಿಯಲ್ಲಿ ಮೆಟ್ರೋ ಹತ್ತಿದರೆ ನೇರ ಎಂ.ಜಿ. ರಸ್ತೆಗೆ ಇಳಿಯಬಹುದು, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರೆ ಚಿಕ್ಕಪೇಟೆ. ಭಾನುವಾರದ ಗದ್ದಲ ಬಿಟ್ಟು ವಾರದ ನಡುವೆ ಬೆಳಿಗ್ಗೆ ಹೋಗಿ.

* ಹಾಲ್‌ಮಾರ್ಕ್ ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ, ವಜ್ರದ ಬಗ್ಗೆ ಅದು ಏನೂ ಹೇಳುವುದಿಲ್ಲ. ಒಡವೆಯ ಮೇಲಿನ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಿ.

* ವಜ್ರಕ್ಕೆ ಜಿಐಎ, ಐಜಿಐಯಂಥ ಪ್ರಯೋಗಾಲಯದ ಸರ್ಟಿಫಿಕೇಟ್ ಬೇರೆಯೇ ಇರಬೇಕು. ಕಟಿಂಗ್, ಬಣ್ಣ, ಸ್ವಚ್ಛತೆ, ತೂಕ ನಾಲ್ಕೂ ಅದರಲ್ಲಿರುತ್ತವೆ. ಹೊಳಪು ಬರುವುದು ಮುಖ್ಯವಾಗಿ ಕಟಿಂಗ್‌ನಿಂದ. ತೂಕಕ್ಕೆ ಮರುಳಾಗಬೇಡಿ.

* ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಕಲ್ಲಿನ ತೂಕ ಮತ್ತು ಬೆಲೆ, ಮಜೂರಿ, 3% ಜಿಎಸ್‌ಟಿ ಬೇರೆ ಬೇರೆ ಬರೆಸಿ. ಕಲ್ಲಿನ ತೂಕಕ್ಕೆ ಚಿನ್ನದ ದರ ಬೀಳದಂತೆ ನೋಡಿಕೊಳ್ಳಿ.

* ವಾಪಸ್ ಕೊಟ್ಟರೆ ಎಷ್ಟು, ಬದಲಾಯಿಸಿದರೆ ಎಷ್ಟು ಎಂಬುದನ್ನು ಬಾಯಿಮಾತಲ್ಲಿ ಬಿಡದೆ ಬರೆದುಕೊಡಲು ಹೇಳಿ. ಒಂದೊಂದು ಅಂಗಡಿಯ ಶರತ್ತು ಒಂದೊಂದು ಥರ.

* ಬಜೆಟ್ ಕಡಿಮೆಯೇ? ಒಂದೇ ದೊಡ್ಡ ಕಲ್ಲಿನ ಬದಲು ಸಣ್ಣ ಕಲ್ಲುಗಳನ್ನು ಗುಂಪಾಗಿ ಕೂರಿಸಿದ್ದು ತೆಗೆದುಕೊಳ್ಳಿ. ಕಲ್ಲು ದೊಡ್ಡದಾದಷ್ಟೂ ಪ್ರತಿ ಕ್ಯಾರೆಟ್‌ನ ದರವೇ ಏರುತ್ತದೆ.

* ಜಿಡ್ಡು ವಜ್ರಕ್ಕೆ ಬೇಗ ಅಂಟುತ್ತದೆ. ಒಗ್ಗರಣೆ ಹಾಕುವಾಗ, ಚಪಾತಿ ಹಿಟ್ಟು ಕಲಸುವಾಗ ಉಂಗುರ ತೆಗೆದಿಡಲು ಮಗಳಿಗೆ ಹೇಳಿ. ಮಂಕಾದರೆ ಬೆಚ್ಚಗಿನ ನೀರು, ಚೂರು ಸೋಪು, ಮೆತ್ತನೆ ಬ್ರಷ್ ಸಾಕು.

ಹಾಗಾದರೆ ಮಗಳ ಆಸೆ? ಅವಳೂ ದುಡಿಯುತ್ತಾಳೆ, ಅಳಿಯನೂ ದುಡಿಯುತ್ತಾನೆ. ಇಬ್ಬರೂ ಕೂತು, ತಮ್ಮ ಉಳಿತಾಯದಲ್ಲಿ, ಸಾಲ-ಕಂತು ಇಲ್ಲದೆ ಎಷ್ಟು ಬರುತ್ತದೋ ಅಷ್ಟರ ಉಂಗುರ ಆರಿಸಿಕೊಳ್ಳಲಿ. 10 ಸೆಂಟಿನ ಕಲ್ಲಾದರೂ ಅದು ಅವರದೇ ಸಂಪಾದನೆ. ನೀವು ಕೊಡಬೇಕೆಂದಿದ್ದ ಹಳೇ ಸರ, ಬಳೆಗಳನ್ನು ಹಾಗೆಯೇ ಅವಳ ಕೈಗಿಟ್ಟು, “ಇದು ನಿನ್ನದು, ನಿನ್ನ ಹೆಸರಲ್ಲೇ ಲಾಕರಿನಲ್ಲಿರಲಿ” ಎನ್ನಿ. ಡಿಸೈನು ಹಳೆಯದಾದರೂ ಕಷ್ಟಕಾಲದಲ್ಲಿ ಅವಳ ಕೈ ಹಿಡಿಯುವುದು ಅದೇ.