ಬಾಗಿಲ ಹೊರಗಿನ ಬೆಂಚು

ಅನಗೋಳದ ಒಂದು ಮನೆಯನ್ನು ವಾಚಕರು ಕಣ್ಮುಂದೆ ತಂದುಕೊಳ್ಳಲಿ. ಎಪ್ಪತ್ತೆಂಟರ ಹಿರಿಯರು ಮುಂಜಾನೆ ಪೂಜೆಗೆ ಹೂ ಹರಿಯುತ್ತಿದ್ದವರು ಅಲ್ಲಿಯೇ ಕುಸಿದರು. ನೆರೆಯವರ ಕಾರಿನಲ್ಲಿ ಬೆಳಗಾವಿಯ ಆಸ್ಪತ್ರೆಯೊಂದಕ್ಕೆ ಒಯ್ದದ್ದಾಯಿತು. ಮೆದುಳಿನಲ್ಲಿ ರಕ್ತಸ್ರಾವವೆಂದು ತಿಳಿಯಿತು. ಹಿರಿಯರು ತೀವ್ರ ನಿಗಾ ಘಟಕದ ಒಳಗೆ, ಮನೆಮಂದಿ ಬಾಗಿಲ ಹೊರಗಿನ ಬೆಂಚಿನ ಮೇಲೆ. ಹೆಸರು ಬೇಡ, ಅನಗೋಳದಲ್ಲಿ ಇಂತಹ ಮನೆ ಒಂದೇ ಅಲ್ಲ, ಖಾನಾಪುರದ ಹಳ್ಳಿಗಳಲ್ಲಿಯೂ ಉಂಟು.

ಆ ಬೆಂಚಿನ ಬಾಳನ್ನು ಕುಳಿತವರೇ ಬಲ್ಲರು. ರೊಟ್ಟಿಯ ಗಂಟು ಬಿಚ್ಚದೆ ಹಾಗೆಯೇ ಇರುತ್ತದೆ. ಕಾವಲುಗಾರನು ಹೆಸರು ಕೂಗಿದೊಡನೆ ಎಲ್ಲರೂ ಒಮ್ಮೆಗೇ ಏಳುತ್ತಾರೆ. ಕೈಗೆ ಬರುವುದು ಔಷಧದ ಚೀಟಿ. ನಂದಗಡದಿಂದ ಬಂದ ಬೀಗರು, "ಹೆಂಗದಾರ್ರಿ ಈಗ?" ಎನ್ನುತ್ತಾರೆ. ಮಗ, "ಹಂಗ ಅದಾರ್ರಿ" ಎನ್ನುತ್ತಾನೆ. ಅದಕ್ಕಿಂತ ಹೆಚ್ಚು ಅವನಿಗೂ ತಿಳಿಯದು.

ನಾಲ್ಕನೆಯ ದಿನ ಎಳೆಯ ವೈದ್ಯನೊಬ್ಬನು ಹೊರಬಂದು, ನಿಂತ ನಿಲುವಿನಲ್ಲಿಯೇ, "ಸುಧಾರಿಸುವ ಲಕ್ಷಣವಿಲ್ಲ. ಮುಂದೇನು ಮಾಡೋಣ, ನೀವೇ ಹೇಳ್ರಿ" ಎಂದು ಕೇಳುತ್ತಾನೆ. ಕೇಳಿದ್ದು ಸೌಜನ್ಯದಿಂದಲೇ. ಆದರೆ ಆ ಪ್ರಶ್ನೆ ಮಗನ ಕೊರಳಿಗೆ ಕಟ್ಟಿದ ಕಲ್ಲು. ಉಸಿರಾಟದ ಯಂತ್ರವನ್ನು ತೆಗೆಯಿರೆಂದರೆ ತಂದೆಯನ್ನು ಕೊಂದಂತೆ. ಇರಲೆಂದರೆ ದಿನದಿನಕ್ಕೆ ಏರುವ ಬಿಲ್ಲು. ಆ ಹೊತ್ತಿನಲ್ಲಿ ದುಡ್ಡಿನ ಮಾತನ್ನು ಬಾಯಿಬಿಟ್ಟು ಆಡಲು ಯಾವ ಮಗನಿಗೆ ನಾಚಿಕೆಯಾಗದು?

ಅದನ್ನೇ ಇನ್ನೊಂದು ಬಗೆಯಲ್ಲಿ ಕೇಳಬಹುದು. ಕೋಣೆಯೊಂದರಲ್ಲಿ ಎಲ್ಲರನ್ನೂ ಕುಳ್ಳಿರಿಸಿ, ತಾನೂ ಕುಳಿತು, "ನಿಮ್ಮ ತಂದೆಯವರು ಎಂಥವರು? ತಮ್ಮ ಈ ಸ್ಥಿತಿಯನ್ನು ತಾವೇ ಕಂಡಿದ್ದರೆ ಏನೆನ್ನುತ್ತಿದ್ದರು?" ಎಂದು ವಿಚಾರಿಸಬಹುದು. ಇದಕ್ಕೆ ಮನೆಯವರ ಬಳಿ ಉತ್ತರವಿದೆ. ಮೂಲೆಯಲ್ಲಿ ಸುಮ್ಮನಿದ್ದ ತಾಯಿ, "ನನ್ನ ಮಲಗಿಸಿ ಇಡಬ್ಯಾಡ್ರಿ ಅಂತಿದ್ರು" ಎಂದಳು. ಆ ಕ್ಷಣದಿಂದ ನಿರ್ಣಯ ಮಗನದಾಗಿ ಉಳಿಯಲಿಲ್ಲ, ತಂದೆಯದೇ ಆಯಿತು.

ಕುಳಿತು ಮಾತನಾಡುವುದರಿಂದ ಏನಾದೀತು ಎನ್ನುವವರಿಗೆ ಫ್ರಾನ್ಸಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಉತ್ತರ ಕೊಡುತ್ತದೆ. 22 ಘಟಕಗಳಲ್ಲಿ ಸಾವಿನಂಚಿನಲ್ಲಿದ್ದ 126 ರೋಗಿಗಳ ಬಂಧುಗಳನ್ನು ಎರಡು ಗುಂಪು ಮಾಡಲಾಯಿತು. ಒಂದಕ್ಕೆ ವಾಡಿಕೆಯ ಮಾತುಕತೆ; ಇನ್ನೊಂದಕ್ಕೆ ಕಿರುಹೊತ್ತಗೆಯೊಂದು, ಜೊತೆಗೆ ದೀರ್ಘವಾದ ಸಂಭಾಷಣೆ. ಮೊದಲ ಗುಂಪಿನ ಬಂಧುಗಳಿಗೆ ಮಾತನಾಡಲು ದೊರೆತದ್ದು ಸುಮಾರು 5 ನಿಮಿಷ, ಎರಡನೆಯವರಿಗೆ 14. ಮೂರು ತಿಂಗಳ ಬಳಿಕ ವಿಚಾರಿಸಿದಾಗ, ಆ ಆಘಾತ ಬೆನ್ನಟ್ಟುತ್ತಿದ್ದ ಲಕ್ಷಣಗಳು ಮೊದಲ ಗುಂಪಿನಲ್ಲಿ ನೂರಕ್ಕೆ 69 ಮಂದಿಯಲ್ಲಿ, ಎರಡನೆಯದರಲ್ಲಿ 45 ಮಂದಿಯಲ್ಲಿ ಕಂಡವು. ಒಂಬತ್ತು ನಿಮಿಷಗಳಷ್ಟು ಹೆಚ್ಚಿಗೆ ಕಿವಿಗೊಟ್ಟದ್ದು! ಯಾವ ಯಂತ್ರವೂ ಇಷ್ಟು ಅಗ್ಗವಲ್ಲ.

ಈ ಯಂತ್ರದ ಹುಟ್ಟನ್ನೂ ಮರೆಯಬಾರದು. 1952ರಲ್ಲಿ ಕೋಪನ್‌ಹೇಗನ್ ನಗರವನ್ನು ಪೋಲಿಯೋ ಪೀಡಿಸಿದಾಗ, ಇಬ್ಸೆನ್ ಎಂಬ ವೈದ್ಯರ ಸೂಚನೆಯಂತೆ ವಿದ್ಯಾರ್ಥಿಗಳು ಹಗಲಿರುಳು ಸರದಿಯ ಮೇಲೆ ಚೀಲವನ್ನು ಕೈಯಿಂದ ಅದುಮಿ ರೋಗಿಗಳಿಗೆ ಉಸಿರು ತುಂಬಿದರು. ಸ್ವಂತ ಉಸಿರು ಮರಳುವವರೆಗೆ ದಾಟಿಸುವ ದೋಣಿ ಅದು. ಆಚೆಯ ದಡವೇ ಇಲ್ಲವೆಂದು ಖಚಿತವಾದ ಮೇಲೆ ದೋಣಿಯನ್ನು ನಡೆಸುತ್ತಲೇ ಇರುವುದು ಯಾರ ಹಿತಕ್ಕೆ?

ಕಾನೂನು ಇದನ್ನು ಒಪ್ಪಿದೆ. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನೀಡಿದ ತೀರ್ಪಿನ ವಿಧಾನವನ್ನು 2023ರ ಜನವರಿಯಲ್ಲಿ ಸರಳಗೊಳಿಸಿತು. ಮೂವರು ವೈದ್ಯರ ಒಂದು ಮಂಡಳಿ ಪರೀಕ್ಷಿಸಬೇಕು, ಎರಡನೆಯ ಮಂಡಳಿ ಅದನ್ನು ಒಪ್ಪಬೇಕು, ಮನೆಯವರ ಸಮ್ಮತಿ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕರ್ನಾಟಕ ಸರಕಾರವು 2025ರ ಜನವರಿ 30ರಂದು ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಘನತೆಯ ಸಾವಿನ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ್ದರು. ಎಚ್ಚರವಿರುವಾಗಲೇ ಇಬ್ಬರು ಸಾಕ್ಷಿಗಳ ಎದುರಿಗೆ ತನ್ನ ಇಚ್ಛೆಯನ್ನು ಬರೆದು, ನೋಟರಿಯವರಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿ ಇಡುವ ಅವಕಾಶವೂ ಇದೆ.

ಆದರೂ ನಮ್ಮ ಕಡೆ ಬಹುಮಂದಿ ಹಿಡಿಯುವ ದಾರಿ ಬೇರೆ. "ಮನ್ಯಾಗ ಪ್ರಾಣ ಹೋಗಲಿ" ಎಂದು, ವೈದ್ಯರ ಸಲಹೆಗೆ ವಿರುದ್ಧವಾಗಿ ಒಯ್ಯುತ್ತೇವೆಂಬ ಕಾಗದಕ್ಕೆ ಸಹಿಹಾಕಿ, ಆಂಬ್ಯುಲೆನ್ಸಿನಲ್ಲಿ ಊರ ಹಾದಿ ಹಿಡಿಯುತ್ತಾರೆ. ಆಸೆ ತಪ್ಪಲ್ಲ. ತಪ್ಪಿರುವುದು, ಉಬ್ಬಸದ ಸಂಕಟಕ್ಕೆ ಯಾವ ಔಷಧವನ್ನೂ ಕೊಡದೆ ಕಳುಹಿಸುವುದರಲ್ಲಿ. ಯಂತ್ರ ನಿಂತರೂ ಆರೈಕೆ ನಿಲ್ಲಬಾರದು. ಉಸಿರಿನ ಕಷ್ಟವನ್ನು ತಗ್ಗಿಸಲು ಮಾರ್ಫಿನ್ ಇದೆ. ಆ ಕಾಗದದ ಜೊತೆಗೆ ಅದೂ, ಅದನ್ನು ಕೊಡಬಲ್ಲವರೂ ಹೋಗುವುದು ನ್ಯಾಯವಲ್ಲವೆ?

ಕೆನಡಾದ ಹ್ಯಾಮಿಲ್ಟನ್ ನಗರದ ವೈದ್ಯೆ ಡೆಬೊರಾ ಕುಕ್ ಮತ್ತು ಅವರ ಸಂಗಡಿಗರು ಸಾಯುತ್ತಿರುವ ರೋಗಿಯ ಕಡೆಯ ಮೂರು ಬಯಕೆಗಳೇನೆಂದು ಮನೆಯವರನ್ನು ಕೇಳಿ ನಡೆಸಿಕೊಡುವ ಪದ್ಧತಿ ತಂದರು. ಬಯಕೆಗಳು ಚಿಕ್ಕವೇ. ನಮ್ಮಲ್ಲಿಯೂ ಅಷ್ಟೆ: ಹಣೆಗೆ ವಿಭೂತಿ, ಕಿವಿಯಲ್ಲಿ ದೇವರ ನಾಮ, ಬಾಯಿಗೆ ಗಂಗೋದಕ. ಗಂಟಲಲ್ಲಿ ಕೊಳವೆಯಿರುವಾಗ ನೀರು ಸುರಿಯುವುದು ಅಪಾಯ. ಹತ್ತಿಯಲ್ಲಿ ಅದ್ದಿ ತುಟಿಗೆ ಮುಟ್ಟಿಸಿದರೆ ಯಾರೂ ಬೇಡವೆನ್ನರು.

ಅನಗೋಳದ ಆ ಹಿರಿಯರ ವಿಷಯದಲ್ಲಿ ಎರಡೂ ಮಂಡಳಿಗಳು ಒಪ್ಪಿದುವೆಂದು, ಮ್ಯಾಜಿಸ್ಟ್ರೇಟರಿಗೂ ತಿಳಿಸಲಾಯಿತೆಂದು ಇಟ್ಟುಕೊಳ್ಳಿ. ಆರನೆಯ ದಿನ ಸಂಜೆ ನರ್ಸ್ ಪರದೆಯನ್ನೆಳೆದು, ಹಾಸಿಗೆಯ ಬಳಿ ಕುರ್ಚಿಯೊಂದನ್ನು ಇಟ್ಟಳು. "ಎಷ್ಟು ಹೊತ್ತು ಕೂಡಬಹುದವ್ವಾ?" ಎಂದು ಮುದುಕಿ ಕೇಳಿದಳು.

"ನಿಮಗ ಬೇಕಾದಷ್ಟು ಹೊತ್ತು ಕೂಡ್ರಿ, ಅಜ್ಜಿ."