ಬೆತ್ತಲೆ ದೃಶ್ಯ ಕಥೆಗೆ ಬೇಕೆ?

ಸಿನಿಮಾದಲ್ಲಿ ನಗ್ನತೆ ಕಥೆಗೆ ಅಗತ್ಯವೇ ಎಂದು ತಿಳಿಯಲು ಒಂದು ಪರೀಕ್ಷೆ ಸಾಕು: ಬೆತ್ತಲೆ ದೃಶ್ಯವನ್ನು ತೆಗೆದುಹಾಕಿದರೂ ಕಥೆ ಉಳಿಯುತ್ತದೆಯೇ? ಕನ್ನಡ, ತಮಿಳು ಎರಡೂ ಚಿತ್ರಗಳನ್ನು ನೋಡುವ ಹೊಸೂರು, ಕೃಷ್ಣಗಿರಿ ಭಾಗದ ಪ್ರೇಕ್ಷಕರಿಗೆ ಇದಕ್ಕೆ ಉದಾಹರಣೆಗಳು ಎರಡೂ ಭಾಷೆಗಳಲ್ಲಿವೆ.

ರತ್ನಕುಮಾರ್ ನಿರ್ದೇಶನದ ತಮಿಳು ಚಿತ್ರ ‘ಆಡೈ’ (2019)ಯ ನಾಯಕಿ ಖಾಲಿ ಬಹುಮಹಡಿ ಕಟ್ಟಡದಲ್ಲಿ ಮೈಮೇಲೆ ಬಟ್ಟೆಯಿಲ್ಲದೆ ಎಚ್ಚರಗೊಳ್ಳುತ್ತಾಳೆ. ಅಲ್ಲಿಂದ ಪಾರಾಗುವುದೇ ಕಥೆಯ ಮುಖ್ಯ ಭಾಗ. ಕ್ಯಾಮೆರಾ ಅವಳ ದೇಹಕ್ಕಿಂತ ಭಯವನ್ನು ತೋರಿಸುತ್ತದೆ. ಆ ಸನ್ನಿವೇಶ ತೆಗೆದರೆ ಚಿತ್ರವೇ ಇಲ್ಲ.

ಕನ್ನಡದ ‘ದಂಡುಪಾಳ್ಯ 2’ (2017) ಇದಕ್ಕೆ ವಿರುದ್ಧ. ಪೊಲೀಸ್ ದೌರ್ಜನ್ಯ ತೋರಿಸುವ ಬೆತ್ತಲೆ ದೃಶ್ಯಕ್ಕೆ ಸೆನ್ಸಾರ್‌ನಲ್ಲಿ ಕತ್ತರಿ ಬಿತ್ತು. ಚಿತ್ರ ಅದಿಲ್ಲದೆಯೇ ತೆರೆಕಂಡಿತು. ಬಳಿಕ ಅಂತರ್ಜಾಲದಲ್ಲಿ ಸೋರಿಕೆಯಾದ ಆ ತುಣುಕು ಕಥೆಯನ್ನೇ ಬದಿಗೆ ಸರಿಸಿ ಸುದ್ದಿಯಾಯಿತು.

ಹಾಸ್ಯಮಯ ಪ್ರೇಮಕಥೆಗಂತೂ ನಗ್ನತೆಯ ಅಗತ್ಯ ಇನ್ನೂ ಕಡಿಮೆ. ರಾಜ್ ಬಿ. ಶೆಟ್ಟಿ ನಿರ್ದೇಶಿಸಿ ನಟಿಸಿದ ‘ಒಂದು ಮೊಟ್ಟೆಯ ಕಥೆ’ (2017)ಯಲ್ಲಿ ಹೆಣ್ಣು ಹುಡುಕುವ ಕನ್ನಡ ಉಪನ್ಯಾಸಕನ ಸಂಕಟವೆಲ್ಲ ಅವನ ಬೋಳುತಲೆಯದು. ದೇಹದ ಬಗೆಗಿನ ಕೀಳರಿಮೆ, ಸಂಗಾತಿಯ ಹಂಬಲ ಎರಡನ್ನೂ ಚಿತ್ರ ಬೆತ್ತಲೆಯ ನೆರವಿಲ್ಲದೆ ಹೇಳಿತು, ಪ್ರೇಕ್ಷಕರೂ ಮೆಚ್ಚಿದರು.

ಬೆತ್ತಲೆ ದೃಶ್ಯದಿಂದ ‘ಎ’ ಪ್ರಮಾಣಪತ್ರ ಬಂದರೆ 18 ವರ್ಷದೊಳಗಿನವರಿಗೆ ಚಿತ್ರಮಂದಿರದ ಬಾಗಿಲು ಮುಚ್ಚುತ್ತದೆ. ಕುಟುಂಬ ಪ್ರೇಕ್ಷಕರೂ ದೂರವಾಗುತ್ತಾರೆ. ಆದ್ದರಿಂದ ನಗ್ನತೆ ಪಾತ್ರದ ಪಾಡನ್ನು ಹೇಳಲು ಅನಿವಾರ್ಯವಾದಾಗ ಮಾತ್ರ ಸಮರ್ಥನೀಯ. ಪ್ರಚಾರಕ್ಕಷ್ಟೇ ಬಳಸಿದರೆ ಅದು ಕಥೆಗೆ ಹೊರೆ.

– ಓದುಗರೊಬ್ಬರು, ಹೊಸೂರು